ಮ್ಯಾಪ್ ತೆರೆದಿಟ್ಟು ಒಲಿಂಪಿಕ್ಸ್ ನೋಡಿ

2026ರ ಚಳಿಗಾಲದ ಒಲಿಂಪಿಕ್ಸ್ ಹೆಸರು ಮಿಲಾನೊ ಕೊರ್ಟಿನಾ. ಎರಡೇ ಊರು ಅನ್ಕೊಂಡ್ರಾ? ಫೋನಲ್ಲಿ ಮ್ಯಾಪ್ ತೆರೆದು ನನ್ನ ಜೊತೆ ಬನ್ನಿ. ಫೆಬ್ರವರಿ 6ರ ಉದ್ಘಾಟನೆ ಮಿಲಾನ್‌ನಲ್ಲಿ, 22ರ ಸಮಾರೋಪ ವೆರೋನಾದಲ್ಲಿ. ಪುರುಷರ ಆಲ್ಪೈನ್ ಸ್ಕೀಯಿಂಗ್ ಬೋರ್ಮಿಯೊದಲ್ಲಿ, ಮಹಿಳೆಯರದ್ದು ಕೊರ್ಟಿನಾದಲ್ಲಿ. ಇವೆರಡರ ನಡುವೆ ದಾರಿ ಹುಡುಕಿ ನೋಡಿ. ರಸ್ತೆ ಬೆಟ್ಟ ಸುತ್ತಿಕೊಂಡೇ ಹೋಗುತ್ತೆ.

ಈಗ ಟೆರೇನ್ ಒತ್ತಿ, ಬೋರ್ಮಿಯೊದ ಸ್ಟೆಲ್ವಿಯೊ ಟ್ರ್ಯಾಕ್ ಇರೋ ಬೆಟ್ಟವನ್ನ ದೊಡ್ಡದು ಮಾಡಿ. ಎತ್ತರ ತೋರಿಸೋ ಗೆರೆಗಳು ಒತ್ತೊತ್ತಾಗಿದ್ದಷ್ಟೂ ಇಳಿಜಾರು ಕಡಿದು. ಟಿವಿಯಲ್ಲಿ ಇದು ಚಪ್ಪಟೆಯಾಗಿ ಕಾಣುತ್ತೆ. ಆದ್ರೆ ಡೌನ್‌ಹಿಲ್ ಗೆಲ್ಲೋರು ಇಲ್ಲಿ ಸುಮಾರು 1,000 ಮೀಟರ್ ಎತ್ತರವನ್ನ ಎರಡು ನಿಮಿಷದೊಳಗೆ ಇಳೀತಾರೆ. ಬಿದ್ರೆ ಜೀವಕ್ಕೇ ಅಪಾಯ. ಅವರ ಧೈರ್ಯ ಎಷ್ಟು ಅಂತ ನನಗೆ ಅರ್ಥ ಆಗಿದ್ದು ಪದಕಪಟ್ಟಿಯಿಂದಲ್ಲ, ಈ ಗೆರೆಗಳಿಂದ.