ಹೊದಿಕೆಯ ಕೆಳಗಿದ್ದ ಕಂಪ್ಯೂಟರ್

(ಶತಮಾನೋತ್ಸವದ ಅಂಗವಾಗಿ ಜರಗಿದ ರಕ್ಷಕರ ಹಾಗೂ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ತುಂಬಿದ ಶಾಲೆಯ ಕುರಿತು ಮಾತನಾಡುವಾಗ ಸ್ಥಾಪಕರ ತ್ಯಾಗವನ್ನು ಸ್ಮರಿಸಿ ಆರಂಭಿಸುವುದು ವಾಡಿಕೆ. ಇಂದು ನಾವು ಒಂದು ಹಳೆಯ ಕಂಪ್ಯೂಟರಿನಿಂದ ಆರಂಭಿಸುತ್ತೇವೆ. ಅದರೊಡನೆ ನಮ್ಮದೊಂದು ತಪ್ಪೊಪ್ಪಿಗೆಯೂ ಇದೆ.

ಶಾಲೆಗೆ ಎಪ್ಪತ್ತೈದು ತುಂಬಿದಾಗ ಹೊರತಂದ ಸ್ಮರಣ ಸಂಚಿಕೆಯ ಅಕ್ಷರ ಜೋಡಣೆಯನ್ನು ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ಪೇಟೆಯ ತಮ್ಮ ಡಿಟಿಪಿ ಕೇಂದ್ರದಲ್ಲಿ ಉಚಿತವಾಗಿ ಮಾಡಿಕೊಟ್ಟಿದ್ದರು. ಮುಂದೆ ಕೇಂದ್ರವನ್ನು ಮುಚ್ಚಿದಾಗ ಅಲ್ಲಿನ ಕಂಪ್ಯೂಟರ್, ಮಾನಿಟರ್, ಕೀಲಿಮಣೆ, ಮೌಸ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹಾಗೂ ಹನ್ನೆರಡು ಫ್ಲಾಪಿಗಳ ಡಬ್ಬಿಯನ್ನು ಶಾಲೆಗೆ ಕೊಟ್ಟರು. ನಾವು ದಾನಿಗೆ ಶಾಲು ಹೊದೆಸಿದೆವು. ಯಂತ್ರಕ್ಕೆ ಹಳೆಯ ಬೆಡ್‌ಶೀಟ್ ಹೊದೆಸಿದೆವು. ಬಳಿಕ ಹತ್ತಕ್ಕೂ ಹೆಚ್ಚು ಮಳೆಗಾಲ ಕಳೆದರೂ ಅದನ್ನು ಯಾರೂ ಸರಿಸಿ ನೋಡಲಿಲ್ಲ.

ಈ ವರ್ಷ ಸಂಚಿಕೆಗಾಗಿ ಹಳೆಯ ಬರಹಗಳನ್ನು ಅರಸುತ್ತಿದ್ದಾಗ ಆ ದಾನಿಯೇ ದೂರವಾಣಿಯಲ್ಲಿ ತಿಳಿಸಿದರು: "ಟೀಚರೇ, ಅಂದು ಪುಟ ಸಾಲದೆ ಬಿಟ್ಟ ಬರಹಗಳೆಲ್ಲ ಆ ಫ್ಲಾಪಿಗಳಲ್ಲೇ ಇವೆ."

ನಮ್ಮ ಲಿಟಲ್ ಕೈಟ್ಸ್ ಘಟಕದ ಮಕ್ಕಳಿಗೆ ಒಡನೆಯೇ ಸ್ವಿಚ್ ಹಾಕುವ ಆತುರ. ನಾವು ತಡೆದೆವು. ವರ್ಷಗಟ್ಟಲೆ ತೇವದಲ್ಲಿದ್ದ ಯಂತ್ರಕ್ಕೆ ಪರೀಕ್ಷಿಸದೆ ವಿದ್ಯುತ್ ಕೊಟ್ಟರೆ ಉಳಿದಿರುವುದೂ ಸುಟ್ಟುಹೋದೀತು. ಮೊದಲು ಹೊರಕವಚವನ್ನು ಬಿಚ್ಚಿದೆವು. ಒಳಗೆ ಧೂಳು, ಜೇಡನ ಬಲೆ, ಹಲ್ಲಿಯ ಮೊಟ್ಟೆಯ ಚಿಪ್ಪುಗಳು. ಬ್ರಶ್ಶಿನಿಂದ ಶುಚಿಗೊಳಿಸಿ, ಮದರ್‌ಬೋರ್ಡಿನ ಕೆಪಾಸಿಟರುಗಳಲ್ಲಿ ಯಾವುದಾದರೂ ಉಬ್ಬಿದೆಯೇ, ಸೋರಿದೆಯೇ ಎಂದು ಒಂದೊಂದನ್ನೂ ನೋಡಿದೆವು. ಭೌತಶಾಸ್ತ್ರದ ಅಧ್ಯಾಪಕರು ವಿದ್ಯುತ್ ಪೂರೈಕೆಯ ಘಟಕವನ್ನು ಮಲ್ಟಿಮೀಟರಿನಿಂದ ಅಳೆದರು. 5 ಹಾಗೂ 12 ವೋಲ್ಟುಗಳು ಸರಿಯಾಗಿಯೇ ಬರುತ್ತಿದ್ದವು. ಮಾನಿಟರನ್ನು ಮಾತ್ರ ಬಿಚ್ಚಲು ಬಿಡಲಿಲ್ಲ. ಪ್ಲಗ್ ತೆಗೆದ ಮೇಲೂ ಅಂತಹ ಹಳೆಯ ಚಿತ್ರನಳಿಕೆಯಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಸ್ವಿಚ್ ಹಾಕಿದಾಗ ಯಂತ್ರವು ಬಿಟ್ಟು ಬಿಟ್ಟು ದೀರ್ಘವಾಗಿ ಕೂಗಿತು. ಅದು ಸ್ಮೃತಿಫಲಕದ ದೋಷದ ಸೂಚನೆ. ಎಂಟನೆಯ ತರಗತಿಯ ಬಾಲಕಿಯೊಬ್ಬಳು ತನ್ನ ಪೆನ್ಸಿಲ್ ರಬ್ಬರಿನಿಂದ ಆ ಫಲಕದ ಅಂಚನ್ನು ಉಜ್ಜಿ ಮತ್ತೆ ಕೂರಿಸಿದಳು. ಈ ಸಲ ಒಂದೇ ಒಂದು ಚಿಕ್ಕ ಸದ್ದು, ತೆರೆ ಬೆಳಗಿತು. ನಾಣ್ಯದಂತಹ ಬ್ಯಾಟರಿ ಸತ್ತಿದ್ದುದರಿಂದ ಅದಕ್ಕೆ ಇಂದಿನ ದಿನಾಂಕ ತಿಳಿದಿರಲಿಲ್ಲ. ಅದರ ಸ್ಮೃತಿ 32 ಎಂಬಿ. ಒಂದು ಫ್ಲಾಪಿಯ ಸಾಮರ್ಥ್ಯ 1.44 ಎಂಬಿ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವೂ ಅದರಲ್ಲಿ ಹಿಡಿಸುವುದು ಕಷ್ಟ. ಆದರೆ ಅಕ್ಷರಗಳಿಗೆ ಅಷ್ಟು ಜಾಗ ಧಾರಾಳವಾಗಿತ್ತು.

ಫ್ಲಾಪಿಗಳ ಲೋಹದ ಮುಚ್ಚಳವನ್ನು ಸರಿಸಿ ನೋಡಿದೆವು. ಮೂರರಲ್ಲಿ ಬೂಷ್ಟು ಬೆಳೆದಿತ್ತು. ಅವುಗಳನ್ನು ಹಾಗೆಯೇ ಹಾಕಿದರೆ ಓದುವ ಯಂತ್ರಭಾಗವೂ ಕೊಳೆಯಾಗಿ ಒಳ್ಳೆಯ ಫ್ಲಾಪಿಗಳೂ ಕೆಡುತ್ತವೆಂದು ಬೇರೆಯಾಗಿಟ್ಟೆವು. ಉಳಿದ ಒಂಬತ್ತರಲ್ಲಿ ಏಳು ಪೂರ್ತಿಯಾಗಿ, ಒಂದು ಅರ್ಧದಷ್ಟು ಓದಲು ಸಿಕ್ಕವು. ಒಂದು ಏನನ್ನೂ ಕೊಡಲಿಲ್ಲ. ಸಿಕ್ಕಿದ್ದನ್ನೆಲ್ಲ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಅಡಾಪ್ಟರಿನ ಮೂಲಕ ಹೊಸ ಕಂಪ್ಯೂಟರಿಗೆ ಜೋಡಿಸಿದೆವು.

ಅಲ್ಲಿ ಕಂಡದ್ದು ಕನ್ನಡವಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದೆಡೆ ಕನ್ನಡ ಮರೆಯಾಗುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗವಿರುವುದರಿಂದ ಇಂದು ಆ ತೊಡಕಿಲ್ಲ. ಬರಹಗಳನ್ನು ಯುನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನ ತಪ್ಪಿದವು. ಆಗ ನೆರವಾದದ್ದು ಆ ಹಳೆಯ ಪ್ರಿಂಟರ್. ಒಣಗಿದ್ದ ರಿಬ್ಬನ್ನನ್ನು ಬದಲಿಸಿ ಹಳೆಯ ಯಂತ್ರದಿಂದಲೇ ಮುದ್ರಿಸಿ ತೆಗೆದ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಮಕ್ಕಳು ಒಂದು ತಿಂಗಳು ಸಾಲು ಸಾಲಾಗಿ ತಿದ್ದಿದರು. ಅಷ್ಟು ಏಕಾಗ್ರತೆಯಿಂದ ಅವರು ಕನ್ನಡ ಓದಿದ್ದನ್ನು ನಾವು ಹಿಂದೆ ಕಂಡಿರಲಿಲ್ಲ.

ಅರ್ಧ ಮಾತ್ರ ಸಿಕ್ಕ ಫ್ಲಾಪಿಯಲ್ಲಿದ್ದುದು ಇಂದು ನಮ್ಮೊಡನಿಲ್ಲದ ಒಬ್ಬ ಅಧ್ಯಾಪಿಕೆಯ ನೆನಪುಗಳು. ಆಷಾಢದ ಮಳೆಯಲ್ಲಿ ತೋಡು ತುಂಬಿ ಹರಿಯುವಾಗ, ಅಡಿಕೆ ಮರದ ಸಂಕದ ಮೇಲೆ ಚಿಕ್ಕ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ದಾಟಿಸುತ್ತಿದ್ದುದನ್ನು ಅವರು ಬರೆದಿದ್ದಾರೆ. "ಆ ದಿನ ಮಾತ್ರ" ಎಂಬಲ್ಲಿಗೆ ಬರಹ ನಿಂತಿದೆ. ಮುಂದಿನದು ಬಹುಶಃ ಓದಲಾಗದ ಫ್ಲಾಪಿಯಲ್ಲಿತ್ತು. ಕೊಟ್ಟ ದಿನವೇ ತೆರೆದು ನಕಲು ಮಾಡಿದ್ದರೆ ಅದು ಉಳಿಯುತ್ತಿತ್ತೋ ಏನೋ. ಇದೇ ನಮ್ಮ ತಪ್ಪೊಪ್ಪಿಗೆ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಲೂ ಈ ಶಾಲೆಯ ತರಗತಿಗಳಲ್ಲಿ ಕನ್ನಡ ನಿಲ್ಲಲಿಲ್ಲ. ಅದನ್ನು ದಿನವೂ ಓದಿ ಬರೆದವರಿದ್ದರು. ಗೌರವದಿಂದ ಮುಚ್ಚಿಟ್ಟರೆ ಭಾಷೆಯೂ ಉಳಿಯದೆಂಬುದನ್ನು ಆ ಮೂರು ಫ್ಲಾಪಿಗಳ ಬೂಷ್ಟು ನಮಗೆ ಕಲಿಸಿದೆ. ಮಕ್ಕಳನ್ನು ಇಲ್ಲಿಗೆ ಕಳುಹಿಸುವ ರಕ್ಷಕರು ಮನೆಯಲ್ಲಿಯೂ ಅವರ ಕೈಗೆ ಕನ್ನಡ ಪುಸ್ತಕ ಕೊಡಬೇಕೆಂದು ಕೋರುತ್ತೇವೆ.

ಹಳೆ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಆ ಸಂಕವನ್ನು ಅವರ ಕೈಹಿಡಿದು ದಾಟಿದವರು ಈ ಸಭೆಯಲ್ಲಿ ಖಂಡಿತ ಇದ್ದೀರಿ. ಆ ದಿನ ಏನಾಯಿತೆಂದು ಬಲ್ಲವರು ದಯವಿಟ್ಟು ಬರೆದುಕೊಡಿ. ಸಂಚಿಕೆಯಲ್ಲಿ ಅವರ ಬರಹದ ಕೆಳಗೆ ಅರ್ಧ ಪುಟವನ್ನು ಖಾಲಿ ಇಟ್ಟಿದ್ದೇವೆ.