ಜೋಳಿಗೆಗೆ ಹಾಕಿದ ಮೇಲೆ



ಜಂಗಮರು ಜೋಳಿಗೆ ಹಿಡಿದು ಬಂದರೆ ಜೋಳವನ್ನೋ ಹಿಟ್ಟನ್ನೋ ನೀಡುವುದು ನಮ್ಮ ರೂಢಿ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಅದೇ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಆದರೆ ಅವರು ಬೇಡಿದ್ದು ಜನರ ದುಶ್ಚಟಗಳನ್ನು. ಕುಡಿತ, ಬೀಡಿ, ತಂಬಾಕು ಬಿಡುವ ಸಂಕಲ್ಪವೇ ಅವರಿಗೆ ಭಿಕ್ಷೆ. ಇದೇ ಮಹಾಂತ ಜೋಳಿಗೆ. ಅಪ್ಪಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ.

ಈ ಕೆಲಸದ ಹಿರಿಮೆ ನನಗೆ ಕಾಣುವುದು ಇಲ್ಲಿ: ಗುರುವೇ ಬೇಡುವವನಾದ, ಊರೆಲ್ಲ ತಿರಸ್ಕರಿಸಿದ ಕುಡುಕ ನೀಡುವವನಾದ. ಅವನಿಗೆ ಬೈಗುಳದ ಬದಲು ಗೌರವ ಸಿಕ್ಕಿತು.

ಆದರೆ ಜೋಳಿಗೆಗೆ ಹಾಕಿದ ಮರುದಿನ ಏನಾಗುತ್ತದೆ ಎಂಬುದನ್ನು ನಾವು ಯೋಚಿಸಬೇಕು. ಬಹಳ ವರ್ಷ ದಿನವೂ ಕುಡಿದವರು ಒಮ್ಮೆಲೇ ಬಿಟ್ಟರೆ ಎರಡು-ಮೂರು ದಿನಗಳಲ್ಲಿ ಕೈ ನಡುಗಬಹುದು, ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು. ಕೆಲವೊಮ್ಮೆ ಪ್ರಾಣಕ್ಕೂ ಅಪಾಯ. ಅಂಥವರನ್ನು ಸಂಕಲ್ಪದ ದಿನವೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಕೇಂದ್ರ ಸರ್ಕಾರದ ಸಹಾಯವಾಣಿ 14446ಕ್ಕೆ ಕರೆ ಮಾಡಿದರೆ ಉಚಿತವಾಗಿ ಸಲಹೆ ಸಿಗುತ್ತದೆ.

ಇನ್ನೊಂದು ಮಾತು. ಗುರುವಿಗೆ ವಚನ ಕೊಟ್ಟವನು ಜಾರಿ ಮತ್ತೆ ಕುಡಿದರೆ, ಗುರುದ್ರೋಹ ಮಾಡಿದೆನೆಂಬ ಅಂಜಿಕೆಯಿಂದ ಮಠದ ದಾರಿಯನ್ನೇ ಬಿಡುತ್ತಾನೆ. ಅವನಿಗೆ ಮಠ ಹೆಚ್ಚು ಬೇಕಾದ ಹೊತ್ತಿನಲ್ಲೇ ದೂರವಾಗುತ್ತಾನೆ. ಅಮೆರಿಕದಲ್ಲಿ 1935ರಲ್ಲಿ ಇಬ್ಬರು ಕುಡುಕರು ಪರಸ್ಪರ ಆಸರೆಯಾಗಿ ಆರಂಭಿಸಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಇಂದು ನಮ್ಮ ನಾಡಿನಲ್ಲೂ ಇದೆ. ಅಲ್ಲಿ ಆಯುಷ್ಯವಿಡೀ ಬಿಡುತ್ತೇನೆಂಬ ಆಣೆಗಿಂತ ಇವತ್ತೊಂದು ದಿನ ಕುಡಿಯದಿರುವುದಕ್ಕೆ ಬೆಲೆ. ಜಾರಿದವನೂ ಮತ್ತೆ ಬಂದು ಕೂರಬಹುದು.

ನಮ್ಮ ಅನುಭವ ಮಂಟಪದ ಪರಂಪರೆಯೂ ಕೂಡಿ ಕೂತು ಮಾತಾಡುವುದೇ ಅಲ್ಲವೇ? ಆದ್ದರಿಂದ ಪ್ರತಿ ಮಠದಲ್ಲೂ ವಾರಕ್ಕೊಂದು ಸಂಜೆ ಒಂದು ಕೋಣೆಯನ್ನು ಇವರಿಗಾಗಿ ತೆರೆದಿಡಿ ಎಂದು ಪೂಜ್ಯರಲ್ಲಿ ಬೇಡುತ್ತೇನೆ. ಅಲ್ಲಿ ಆಡಿದ ಮಾತು ಹೊರಗೆ ಬರಬಾರದು. ಚಟ ಬಿಟ್ಟು ಗಟ್ಟಿಯಾದವರೇ ಹೊಸಬರ ಜೊತೆ ಕೂರಲಿ. ಸಂಸಾರ ತೂಗಿಸಿ ದಣಿದ ತಾಯಂದಿರಿಗೂ ಬೇರೆ ಸಂಜೆ ಇರಲಿ. ಇದಕ್ಕೆ ಹೆಚ್ಚು ಹಣ ಬೇಡ, ಒಂದು ಚಾಪೆ, ಕೇಳುವ ಕಿವಿ ಸಾಕು. ಇದೂ ದಾಸೋಹವೇ.

ಎರಡನೆಯ ಸಲ, ಹತ್ತನೆಯ ಸಲ ನೀಡಿದ ಭಿಕ್ಷೆಯನ್ನೂ ನಮ್ಮ ಜೋಳಿಗೆ ಒಲ್ಲೆ ಎನ್ನದಿರಲಿ.