ಭಾಷೆಯೊಡನೆ ತತ್ತ್ವ



ಶಿರ್ತಾಡಿಗೆ ಸಮೀಪದ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದವು. ಲಿಪಿ ಹಳಗನ್ನಡದ್ದು, ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ವಿಷಯ ಜೈನರ ಕರ್ಮಸಿದ್ಧಾಂತ. ಭಾಷೆ ಬಲ್ಲವನಿಗೆ ಸಿದ್ಧಾಂತ ತಿಳಿಯದಿದ್ದರೆ, ಸಿದ್ಧಾಂತ ಬಲ್ಲವನಿಗೆ ಭಾಷೆ ಬಾರದಿದ್ದರೆ, ಆ ಗರಿಗಳು ಮೂಕ. 1939ರಿಂದ ಧವಲಾ ಅಚ್ಚಾಗತೊಡಗಿದಾಗ ಎರಡನ್ನೂ ಬಲ್ಲ ಪಂಡಿತರೇ ಬೇಕಾದರು.

ರಷ್ಯನ್ ಭಾಷೆ ಹಾಗೂ ತತ್ತ್ವಶಾಸ್ತ್ರಗಳನ್ನು ಒಂದೇ ಪದವಿಗೆ ಓದುವ ಕ್ರಮದ ಹಿಂದಿರುವುದೂ ಇದೇ ವಿಚಾರ. ಆಕ್ಸ್‌ಫರ್ಡ್‌ನಲ್ಲಿ ಇಂಥ ವ್ಯಾಸಂಗ 4 ವರ್ಷಗಳದು. ಅದರಲ್ಲಿ 1 ವರ್ಷ ಹೊರದೇಶದಲ್ಲಿ. ಈ ಜೋಡಿ ವಿಚಿತ್ರವೆನಿಸಿದರೆ, ಉತ್ತರ ಚರಿತ್ರೆಯಲ್ಲಿದೆ.

1850ರಲ್ಲಿ ಚಕ್ರವರ್ತಿ ಒಂದನೆಯ ನಿಕೊಲಾಸನ ಸರ್ಕಾರ ರಷ್ಯದ ವಿಶ್ವವಿದ್ಯಾಲಯಗಳ ತತ್ತ್ವಶಾಸ್ತ್ರ ಪೀಠಗಳನ್ನು ಮುಚ್ಚಿಸಿತು. ತರ್ಕ, ಮನಶ್ಶಾಸ್ತ್ರಗಳ ಪಾಠ ಪಾದ್ರಿಗಳ ಪಾಲಾಯಿತು. 1863ರ ಹೊಸ ಶಾಸನ ಪೀಠಗಳನ್ನು ಮರಳಿಸಿತು. ಅಷ್ಟರಲ್ಲಿ ತತ್ತ್ವದ ಪ್ರಶ್ನೆಗಳು ಕಾದಂಬರಿ, ವಿಮರ್ಶೆಗಳಲ್ಲಿ ಮನೆಮಾಡಿದ್ದವು.

ದೊಸ್ತೊಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' 1866ರದು. ಅಪರಾಧಕ್ಕೆ ರಷ್ಯನ್ನಿನಲ್ಲಿರುವ 'ಪ್ರೆಸ್ತುಪ್ಲೇನಿಯೆ' ಎಂಬ ಪದದ ಮೂಲಾರ್ಥ, ಹೆಜ್ಜೆಯಿಟ್ಟು ದಾಟುವುದು. ನಾಯಕ ರಸ್ಕೋಲ್ನಿಕೋವ್ ತನ್ನನ್ನು ಕೇಳಿಕೊಳ್ಳುವುದೂ ಅದನ್ನೇ: ಗೆರೆ ದಾಟುವ ಹಕ್ಕು ತನಗುಂಟೆ? ಅನುವಾದದಲ್ಲಿ ಕೃತ್ಯ ಉಳಿಯುತ್ತದೆ, ಗೆರೆ ಅಳಿಸಿಹೋಗುತ್ತದೆ.

ರಷ್ಯನ್ ಸಾಹಿತ್ಯ ಕನ್ನಡಕ್ಕೆ ಹೆಚ್ಚಾಗಿ ಬಂದದ್ದು ಇಂಗ್ಲಿಷಿನ ದಾರಿಯಲ್ಲಿ. ಆ ಅನುವಾದಕರ ಋಣ ದೊಡ್ಡದು. ಆದರೂ ಮೂಲವನ್ನು ಓದಿ, ಅದರ ವಿಚಾರದೊಡನೆ ವಾದಿಸಬಲ್ಲ ಕೆಲವರಾದರೂ ಒಂದು ಭಾಷೆಗೆ ಬೇಕು. ಇಂಥ ಓದಿನಿಂದ ಸಂಪಾದನೆ ಎಷ್ಟು ಎಂದು ಹೆತ್ತವರು ಕೇಳುವುದು ಸಹಜ. ಆದರೆ ಓದುವವರೇ ಇಲ್ಲವಾದರೆ, ಕಾದಿಟ್ಟ ಗರಿಯೂ ಬರಿ ಎಲೆಯೇ.